ಸಾಕು ಎನ್ನಲು ಬರುವ ಚಾರ್ಜರು

ರಿಮೋಟಿನ ಬೆನ್ನಿಗೆ ಎರಡು ಏಟು ಬಿಗಿದರೆ ಚಾನೆಲ್ಲು ಬದಲಾಗುತ್ತೆ ಅನ್ನೋ ವಿದ್ಯೆಯನ್ನು ನಮ್ಮ ಜನಕ್ಕೆ ಯಾರು ಹೇಳಿಕೊಟ್ಟರೋ! ಯಾರ ಮನೆಗೆ ಹೋದರೂ ಅದೇ ಪದ್ಧತಿ. ಏಟಿಗೂ ಬಗ್ಗದಿದ್ದರೆ ಹಿಂದಿನ ಮುಚ್ಚಳ ತೆಗೆದು ಹೆಬ್ಬೆರಳಲ್ಲಿ ಸೆಲ್ಲುಗಳನ್ನು ನಾಲ್ಕು ಸುತ್ತು ಹೊರಳಿಸೋದು. ಅದರಲ್ಲಿ ಚೂರುಪಾರು ಸತ್ಯವೂ ಇದೆ ಅನ್ನಿ. ತುದಿಗೆ ಕೂತ ಕಿಲುಬು ಉಜ್ಜಿಹೋಗಿ ಇನ್ನೊಂದು ವಾರ ದಬ್ಬಬಹುದು. ಆಮೇಲೆ ಮುಚ್ಚಳ ಎಲ್ಲಿಟ್ಟೆವು ಅಂತ ಸೋಫಾ ಸಂದಿಯಲ್ಲಿ ಕೈ ಹಾಕಿ ಹುಡುಕೋದು, ಕೊನೆಗೆ ರಬ್ಬರ್ ಬ್ಯಾಂಡು ಸುತ್ತೋದು. ನಿಮ್ಮನೆ ರಿಮೋಟಿಗೂ ರಬ್ಬರ್ ಬ್ಯಾಂಡು ಬಿದ್ದಾಯ್ತಂತೆ, ಅಲ್ವಾ?

ಈ ಸಲ ರೀಚಾರ್ಜಬಲ್ ಸೆಲ್ಲೇ ತಂದುಬಿಡ್ತೀನಿ, ಒಂದು ಒಳ್ಳೇ ಚಾರ್ಜರ್ ಹೇಳಿ ಅಂತ ಕೇಳಿದಿರಿ. ಹೇಳ್ತೀನಿ. ಆದರೆ ಮೊದಲೇ ಒಂದು ಮಾತು: ರಿಮೋಟಿಗೂ ಗೋಡೆ ಗಡಿಯಾರಕ್ಕೂ ಅದು ದಂಡ. ಅವು ತಿನ್ನೋದೇ ಚೂರು. ಮಾಮೂಲಿ ಪೆನ್ಸಿಲ್ ಸೆಲ್ಲು ಹಾಕಿ ಮರೆತುಬಿಡಿ, ವರ್ಷ ಕಳೆಯುತ್ತೆ. ರೀಚಾರ್ಜಬಲ್ ಬೇಕಾಗೋದು ಹೊಟ್ಟೆಬಾಕ ಸಾಮಾನುಗಳಿಗೆ. ಮೊಮ್ಮಗನ ಕಾರು, ವೈರ್‌ಲೆಸ್ ಮೌಸು, ಮೈಕು, ಕ್ಯಾಮೆರಾದ ಫ್ಲ್ಯಾಷು, ಟಾರ್ಚು. ಬಿಪಿ ನೋಡೋ ಮೆಷೀನು ಇದೆಯಲ್ಲ, ಅದರಲ್ಲಿ ಮಾತ್ರ ಕಂಪನಿಯ ಪುಸ್ತಕದಲ್ಲಿ ಯಾವ ಸೆಲ್ಲು ಅಂತ ಬರೆದಿದೆಯೋ ಅದನ್ನೇ ಹಾಕಿ. ಮಾಮೂಲಿ ಸೆಲ್ಲು 1.5 ವೋಲ್ಟು, ನಿಕ್ಕಲ್ ರೀಚಾರ್ಜಬಲ್ಲು 1.2. ನಾಲ್ಕು ಸೆಲ್ಲು ಕೂಡಿದಾಗ ಒಂದು ವೋಲ್ಟಿನ ಮೇಲೆ ಕಡಿಮೆ ಬೀಳುತ್ತೆ. ಕೆಲವು ಮೆಷೀನು ಅದನ್ನು ನೋಡಿ ಆಗಲೇ ಬ್ಯಾಟರಿ ಮುಗೀತು ಅಂತ ಗೋಳಾಡುತ್ತೆ. ಅದರ ಗೋಳು ಕೇಳಿ ನಿಮ್ಮ ಬಿಪಿ ಏರೋದು ಬೇಡ.

ನಮ್ಮ ಅಜ್ಜನ ಮನೆಯಲ್ಲಿ ಸೆಲ್ಲಿಗೆ ನಿವೃತ್ತಿಯೇ ಇರಲಿಲ್ಲ. ಹೊಸದಾಗಿ ಬಂದಾಗ ಮೂರು ಸೆಲ್ಲಿನ ಟಾರ್ಚಿಗೆ. ತೋಟಕ್ಕೆ ನೀರು ಕಟ್ಟೋಕೆ ರಾತ್ರಿ ಹೋಗುವಾಗ ಅದೇ ತಾನೇ ಗತಿ? ಬೆಳಕು ಕೆಂಪಗಾಗಿ ಹಾವು ಯಾವುದು ಹಗ್ಗ ಯಾವುದು ತಿಳಿಯದ ಹಂತಕ್ಕೆ ಬಂದಾಗ ಅಲ್ಲಿಂದ ರೇಡಿಯೋಕ್ಕೆ ಬಡ್ತಿ. ಟಾರ್ಚಿನ ಬಲ್ಬು ಎಳೆಯುವಷ್ಟು ಕರೆಂಟು ರೇಡಿಯೋ ಎಳೆಯೋದಿಲ್ಲ, ಹಾಗಾಗಿ ಅಲ್ಲಿ ಸತ್ತಿದ್ದು ಇಲ್ಲಿ ಬದುಕುತ್ತಿತ್ತು. ಪ್ರದೇಶ ಸಮಾಚಾರದ ದನಿ ಕ್ಷೀಣವಾದ ಮೇಲೆ ಹೆಂಚಿನ ಮೇಲೆ ಬಿಸಿಲಿಗೆ. ಹಪ್ಪಳ ಒಂದು ಕಡೆ, ಸೆಲ್ಲು ಒಂದು ಕಡೆ. ಸಂಜೆ ತೆಗೆದು ಹಾಕಿದರೆ ಕೃಷಿರಂಗ ಮುಗಿಯೋ ತನಕ ಹೇಗೋ ಏದುಸಿರು ಬಿಟ್ಟುಕೊಂಡು ನಡೆಯುತ್ತಿತ್ತು. ಬಿಸಿಲಲ್ಲಿ ಸೆಲ್ಲು ಚಾರ್ಜ್ ಆಗುತ್ತೆ ಅಂತಲೇ ನಾವೆಲ್ಲ ನಂಬಿದ್ದೆವು. ಹಾಗೇನೂ ಅಲ್ಲವಂತೆ. ಸೆಲ್ಲಿಗೆ ಒಂದಿಷ್ಟು ವಿಶ್ರಾಂತಿ ಸಿಗುತ್ತೆ, ಬಿಸಿಗೆ ಒಳಗಿನ ರಾಸಾಯನಿಕಗಳು ಚುರುಕಾಗಿ ಅಳಿದುಳಿದದ್ದನ್ನು ಕೊಡುತ್ತವೆ, ಅಷ್ಟೆ. ಹೊಸದಾಗಿ ಏನೂ ತುಂಬಿಕೊಳ್ಳೋದಿಲ್ಲ.

ಅಲ್ಲಿಗೂ ಮುಗಿಯುತ್ತಿರಲಿಲ್ಲ ಕಣ್ರೀ. ಪೂರ್ತಿ ಸತ್ತ ಸೆಲ್ಲನ್ನು ಒಡೆದು ಒಳಗಿನ ಕರಿ ಪುಡಿಯನ್ನು ಶಾಲೆಗೆ ಕೊಂಡುಹೋಗಬೇಕು. ಮೇಷ್ಟ್ರು ಅದಕ್ಕೆ ಸೊಪ್ಪಿನ ರಸ ಕಲೆಸಿ ನಮ್ಮ ಕೈಯಲ್ಲೇ ಬೋರ್ಡಿಗೆ ಬಳಿಸುತ್ತಿದ್ದರು. ನಡುವಿನ ಕಾರ್ಬನ್ ಕಡ್ಡಿ ನೆಲದ ಮೇಲೆ ಗೆರೆ ಎಳೆದು ಕುಂಟೆಬಿಲ್ಲೆ ಆಡೋಕೆ. ಸತುವಿನ ತಗಡು ಗುಜರಿಗೆ. ಮೇಲೆ ಸುತ್ತಿದ ಕೆಂಪು ಕಾಗದ, ಒಂಬತ್ತರ ಅಂಕಿಯೊಳಗಿಂದ ಬೆಕ್ಕು ಹಾರೋ ಚಿತ್ರ, ಅದನ್ನೂ ಯಾರೋ ಒಬ್ಬ ಹುಡುಗ ಪುಸ್ತಕದೊಳಗೆ ಇಟ್ಟುಕೊಳ್ಳುತ್ತಿದ್ದ. ಆ ಬೆಕ್ಕಿನ ಸೆಲ್ಲು ಮಾಡುತ್ತಿದ್ದದ್ದು ಯೂನಿಯನ್ ಕಾರ್ಬೈಡ್, ಅದೇ 1984ರ ಭೋಪಾಲದ ಅನಿಲ ದುರಂತದ ಕಂಪನಿ ಅಂತ ಎಷ್ಟೋ ವರ್ಷದ ಮೇಲೆ ಓದಿದಾಗ ಮೈ ಒಂಥರಾ ಆಯಿತು. ಇರಲಿ, ಎಲ್ಲಿಂದ ಎಲ್ಲಿಗೋ ಹೋದೆ. ಚಾರ್ಜರಿಗೆ ಬರೋಣ.

ಜನ ಏನು ಮಾಡ್ತಾರೆ ಅಂದ್ರೆ, ಸೆಲ್ಲಿನ ಮೇಲೆ ಎಷ್ಟು ಎಂಎಎಚ್, ಅಂದ್ರೆ ಎಷ್ಟು ಚಾರ್ಜ್ ಹಿಡಿಯುತ್ತೆ, ಅಂತ ಬರೆದಿದೆ, ಯಾವ ಬ್ರ್ಯಾಂಡು ಅಂತ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ತಾರೆ. ಚಾರ್ಜರು ಮಾತ್ರ ಕಾಂಬೋ ಪ್ಯಾಕಿನಲ್ಲಿ ಪುಕ್ಕಟೆ ಬಂದದ್ದು. ನನ್ನ ಕೇಳಿದರೆ ದುಡ್ಡು ಹಾಕಬೇಕಾದ್ದು ಚಾರ್ಜರಿಗೆ. ನಾಲ್ಕು ಸೆಲ್ಲಿಗಿಂತ ಅದೇ ದುಬಾರಿ ಬಿದ್ದರೂ ಚಿಂತೆ ಇಲ್ಲ. ಯಾಕಂದ್ರೆ ಒಳ್ಳೇ ಸೆಲ್ಲನ್ನು ಕೊಲ್ಲೋದು ಬಳಕೆ ಅಲ್ಲ, ಕೆಟ್ಟ ಚಾರ್ಜರು. ಮದುವೆ ಊಟದಲ್ಲಿ ಎಲೆ ಮೇಲೆ ಎರಡೂ ಕೈ ಅಡ್ಡ ಹಿಡಿದು ಬೇಡ ಬೇಡ ಅಂದರೂ ಬೆರಳ ಸಂದಿಯಿಂದಲೇ ಪಾಯಸ ಸುರಿದು ಹೋಗೋ ಭಾವಮೈದ ಒಬ್ಬ ಇರ್ತಾನಲ್ಲ, ಆ ಜಾತಿ ಅದು. ಸೆಲ್ಲು ತುಂಬಿದೆ ಅಂತ ಅದಕ್ಕೆ ಗೊತ್ತೇ ಆಗೋದಿಲ್ಲ. ತುಂಬಿದ ಮೇಲೂ ಹಾಕ್ತಾನೇ ಇರುತ್ತೆ. ಹೆಚ್ಚಾದದ್ದೆಲ್ಲ ಶಾಖವಾಗಿ ಸೆಲ್ಲು ಒಳಗೊಳಗೇ ಬೇಯುತ್ತೆ.

ಅಗ್ಗದ ಚಾರ್ಜರಿನಲ್ಲೂ ಎರಡು ಬಗೆ. ಒಂದಕ್ಕೆ ನಿಲ್ಲಿಸೋ ಏರ್ಪಾಡೇ ಇರೋದಿಲ್ಲ, ಸಣ್ಣಗೆ ಹರಿಸ್ತಾ ಕೂತಿರುತ್ತೆ. 2000 ಎಂಎಎಚ್ ಸೆಲ್ಲಿಗೆ 200 ಮಿಲಿ ಆಂಪಿಯರ್ ಅಂದ್ರೆ ಲೆಕ್ಕಕ್ಕೆ ಹತ್ತು ಗಂಟೆ, ಸೋರಿಕೆ ಎಲ್ಲಾ ಸೇರಿ ಹದಿನಾಲ್ಕು ಹದಿನಾರು ಗಂಟೆ ಹಿಡಿಯುತ್ತೆ. ರಾತ್ರಿ ಹಾಕಿದ್ದನ್ನು ಮಾರನೇ ದಿನ ಮಧ್ಯಾಹ್ನ ನೆನಪಿಟ್ಟು ತೆಗೆಯೋದು ನಿಮ್ಮ ಜವಾಬ್ದಾರಿ. ನೆನಪಿರುತ್ತಾ? ಇನ್ನೊಂದು ಬಗೆಯಲ್ಲಿ ಒಳಗೆ ಟೈಮರ್ ಇರುತ್ತೆ. ಇಷ್ಟು ಗಂಟೆ ಆಯ್ತು, ನಿಲ್ಲಿಸು ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಆ ಟೈಮರ್ ಮಾಡಿದ ಪುಣ್ಯಾತ್ಮ ಕರೆಂಟೇ ಹೋಗದ ಊರಿನವನು ಅಂತ ನನ್ನ ಅನುಮಾನ. ನಮ್ಮಲ್ಲಿ ಏನಾಗುತ್ತೆ ನೋಡಿ. ಐದು ಗಂಟೆ ಚಾರ್ಜ್ ಆಗಿರುತ್ತೆ, ಆರನೇ ಗಂಟೆಗೆ ಕರೆಂಟು ಹೋಗುತ್ತೆ. ಮತ್ತೆ ಬಂದಾಗ ಟೈಮರಿಗೆ ಹಿಂದಿನದೇನೂ ನೆನಪಿಲ್ಲ, ಒಂದರಿಂದ ಎಣಿಸೋಕೆ ಶುರು. ಅರ್ಧ ತುಂಬಿದ ಸೆಲ್ಲಿಗೆ ಮತ್ತೆ ಪೂರ್ತಿ ಊಟ. ಬೇಸಿಗೆಯಲ್ಲಿ, ಮಳೆಗಾಲದ ಗಾಳಿಯಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟು ಕಣ್ಣಾಮುಚ್ಚಾಲೆ ಆಡೋ ಕಡೆ ಆ ಟೈಮರಿನ ಗತಿ ಏನು ಹೇಳಿ! ಅಜ್ಜಿಗೆ ಮರೆವು ಬಂದಾಗ ಊಟ ಆಗಿಲ್ಲ ಅಂತ ಮತ್ತೆ ಮತ್ತೆ ಕೂರ್ತಾರಲ್ಲ ಅಂತ ನಮ್ಮಾಕೆ ನಗ್ತಾಳೆ. ಇಂಥದ್ದನ್ನು ಮಾರೋ ಡಬ್ಬಿಯ ಮೇಲೆ 'ಓವರ್‌ಚಾರ್ಜ್ ಪ್ರೊಟೆಕ್ಷನ್' ಅಂತ ದೊಡ್ಡಕ್ಷರದಲ್ಲಿ ಇರುತ್ತೆ ಬೇರೆ.

ಒಳ್ಳೇ ಚಾರ್ಜರು ಗಡಿಯಾರ ನೋಡೋದಿಲ್ಲ, ಸೆಲ್ಲಿನ ನಾಡಿ ನೋಡುತ್ತೆ. ನಿಕ್ಕಲ್ ಸೆಲ್ಲಿನ ಸ್ವಭಾವ ಒಂಥರಾ ಮಜವಾಗಿದೆ. ಚಾರ್ಜ್ ಆಗ್ತಾ ಆಗ್ತಾ ಅದರ ವೋಲ್ಟೇಜು ಮೇಲೇರುತ್ತೆ. ಪೂರ್ತಿ ತುಂಬಿದ ಕೂಡಲೇ ಏರೋದು ಬಿಟ್ಟು ಒಂಚೂರು ಕೆಳಗೆ ಇಳಿಯುತ್ತೆ. ಇಳಿಯೋದು ಎಷ್ಟು ಅಂತೀರಿ? ವೋಲ್ಟಿನ ಸಾವಿರದ ಕೆಲವೇ ಪಾಲು. ಆ ಸಣ್ಣ ಇಳಿತವನ್ನು ಹಿಡಿದು ಟಪ್ ಅಂತ ನಿಲ್ಲಿಸೋದೇ ಒಳ್ಳೇ ಚಾರ್ಜರಿನ ಕಸುಬು. ಡಬ್ಬಿಯ ಮೇಲೆ ಮೈನಸ್ ಡೆಲ್ಟಾ ವಿ ಅಂತ ಬರೆದಿದ್ದರೆ ಇದೇ. ಜೊತೆಗೆ ಶಾಖ ನೋಡೋ ಸೆನ್ಸರ್ರೂ, ಎರಡೂ ಕೈಕೊಟ್ಟರೆ ಇರಲಿ ಅಂತ ಟೈಮರ್ರೂ ಇದ್ದರೆ ಇನ್ನೂ ಒಳ್ಳೇದು. ಇಂಥದ್ದರಲ್ಲಿ ಕರೆಂಟು ಹೋಗಿ ಬಂದರೂ ಅದು ಹೊಸದಾಗಿ ನಾಡಿ ಹಿಡಿದು, ಓ ಇದು ತುಂಬಿದ್ದೇ, ಅಂತ ಸ್ವಲ್ಪ ಹೊತ್ತಿಗೆ ಬಿಟ್ಟುಬಿಡುತ್ತೆ.

ಹಾಗಂತ ನಿಧಾನವೇ ಪ್ರಧಾನ ಅಂತ ಇಲ್ಲಿ ಹೇಳೋಕಾಗಲ್ಲ. ತೀರಾ ನಿಧಾನಕ್ಕೆ ತುಂಬಿದರೆ ಆ ಇಳಿತ ಎಷ್ಟು ಮಸುಕಾಗಿರುತ್ತೆ ಅಂದ್ರೆ ಚಾರ್ಜರಿಗೆ ಕಾಣಿಸೋದೇ ಇಲ್ಲ. ತೀರಾ ಜೋರಾದರೆ ಬಿಸಿ. ಅಮೆರಿಕದಲ್ಲಿ ಒಂದು ಕಾಲಕ್ಕೆ ಹದಿನೈದೇ ನಿಮಿಷದ ಚಾರ್ಜರು ಬಂದಿತ್ತು. ಒಳಗೆ ಫ್ಯಾನು ಬೇರೆ, ಸೆಲ್ಲಿಗೆ ಗಾಳಿ ಹಾಕೋಕೆ! ಅಷ್ಟು ಆತುರ ಯಾವ ಮೌಸಿಗೆ ಇದೆ ಹೇಳಿ. ಪೆನ್ಸಿಲ್ ಸೆಲ್ಲಿಗೆ 500 ಮಿಲಿ ಆಂಪಿಯರಿನಿಂದ ಒಂದು ಆಂಪಿಯರಿನ ತನಕ, ಎರಡರಿಂದ ನಾಲ್ಕೈದು ಗಂಟೆಗೆ ಮುಗಿಸೋದು ಹದ. ಮುಟ್ಟಿದರೆ ಬೆಚ್ಚಗಿರಲಿ, ಪರವಾಗಿಲ್ಲ. ಹಿಡಿದ ಕೈ ಚುರ್ ಅಂದರೆ ಪ್ಲಗ್ಗು ಕಿತ್ತುಬಿಡಿ.

ಇನ್ನೊಂದು ವಿಚಿತ್ರ ಇದೆ. ಅಗ್ಗದ ಚಾರ್ಜರುಗಳಿಗೆ ಸೆಲ್ಲು ಜೋಡಿಯಾಗೇ ಬೇಕು. ಎರಡು ಹಾಕಿ, ಇಲ್ಲಾ ನಾಲ್ಕು ಹಾಕಿ. ಒಂಟಿ ಹಾಕಿದರೆ ದೀಪವೇ ಹತ್ತಲ್ಲ. ಆದರೆ ಮೌಸಿಗೆ ಬೇಕಾದ್ದು ಒಂದೇ ಸೆಲ್ಲು, ಹಬ್ಬದ ಸೀರಿಯಲ್ ದೀಪದ ಡಬ್ಬಿಗೆ ಮೂರು. ಲೋಕದಲ್ಲಿ ಅರ್ಧ ಸಾಮಾನು ಬೆಸ ಸಂಖ್ಯೆಯಲ್ಲಿ, ಚಾರ್ಜರು ಮಾತ್ರ ಸಮ ಸಂಖ್ಯೆಯಲ್ಲಿ, ಇದೆಂಥಾ ನ್ಯಾಯ? ಆಗ ಜನ ಏನು ಮಾಡ್ತಾರೆ, ಮೇಜಿನ ಖಾನೆಯಲ್ಲಿ ಬಿದ್ದಿದ್ದ ಯಾವುದೋ ಅರ್ಧಂಬರ್ಧ ಸೆಲ್ಲನ್ನು ಜೊತೆಗೆ ತುರುಕ್ತಾರೆ. ಒಂದು ಬರಿದು, ಇನ್ನೊಂದು ಮುಕ್ಕಾಲು ತುಂಬಿದ್ದು, ಎರಡಕ್ಕೂ ಒಂದೇ ಲೆಕ್ಕದಲ್ಲಿ ಕರೆಂಟು. ಬರಿದಾದ್ದು ಅರೆಹೊಟ್ಟೆ, ತುಂಬಿದ್ದಕ್ಕೆ ಅಜೀರ್ಣ. ಆದ್ದರಿಂದ ಒಂದೊಂದು ಗುಂಡಿಗೂ ಒಂದೊಂದು ದೀಪ ಇರೋ ಚಾರ್ಜರನ್ನೇ ನೋಡಿ. ನಾಲ್ಕು ಸೆಲ್ಲು, ನಾಲ್ಕು ದೀಪ. ಎರಡೇ ದೀಪ ಕಂಡರೆ ಜೋಡಿ ಲೆಕ್ಕದ್ದು ಅಂತ ತಿಳಿದು ಮುಂದಿನ ಅಂಗಡಿಗೆ ನಡೀರಿ. ಅಂಗಡಿಯವನನ್ನು ಕೇಳೋದಕ್ಕಿಂತ ದೀಪ ಎಣಿಸೋದು ವಾಸಿ.

ಈ ವಿಷಯದಲ್ಲಿ ನಮ್ಮ ಎದುರುಮನೆ ರಾಯರದ್ದು ಒಂದು ಕೈ ಮೇಲೆ. ಬ್ಯಾಂಕಿನಲ್ಲಿದ್ದು ರಿಟೈರಾದವರು, ಲೆಡ್ಜರಿನ ಹುಚ್ಚು ಹೋಗಿಲ್ಲ. ಪುಟ್ಟ ಪರದೆ ಇರೋ ಚಾರ್ಜರು ತಂದಿದ್ದಾರೆ. ಯಾವ ಸೆಲ್ಲಿಗೆ ಎಷ್ಟು ಹೋಯಿತು, ವೋಲ್ಟೇಜು ಎಷ್ಟು, ಎಲ್ಲಾ ಅದರಲ್ಲಿ ಕಾಣುತ್ತೆ. ಪ್ರತಿ ಸೆಲ್ಲಿನ ಮೈಮೇಲೆ ಮಾರ್ಕರಿನಲ್ಲಿ ನಂಬರು, ತಂದ ತಿಂಗಳು. ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಲೆಕ್ಕ. ಮೂರನೇ ನಂಬರಿನದು ಈಚೆಗೆ ಯಾಕೋ ಸರಿಯಾಗಿ ತಗೊಳ್ತಿಲ್ಲ ಕಣ್ರೀ ಅಂತ ಬೇಸರದಿಂದ ಹೇಳ್ತಾರೆ, ಆಸ್ಪತ್ರೆಯಲ್ಲಿರೋ ನೆಂಟರು ಯಾರಪ್ಪಾ ಅಂತ ನಾವು ಗಾಬರಿ ಆಗಬೇಕು! ನಗೋ ವಿಷಯವೇನೋ ಹೌದು, ಆದರೆ ಜೊತೆಗೆ ತಂದ ನಾಲ್ಕನ್ನೂ ಜೊತೆಗೇ ಬಳಸೋದು, ಹಳೇದು ಹೊಸದು ಬೆರೆಸದೇ ಇರೋದು, ಇದರಲ್ಲಿ ಅವರದ್ದೇ ಸರಿ. ಪರದೆ ಎಲ್ಲರಿಗೂ ಬೇಕು ಅಂತೇನಿಲ್ಲ ಬಿಡಿ. ಅದು ಇದ್ದರೆ ಹತ್ತು ನಿಮಿಷಕ್ಕೊಮ್ಮೆ ಹೋಗಿ ನೋಡೋ ಚಟ ಹತ್ತುತ್ತೆ. ಹಾಲು ಉಕ್ಕಿದ್ದು ಮನೆಯಲ್ಲಿ ಯಾರಿಗೂ ಗೊತ್ತಾಗೋದಿಲ್ಲ.

ಸೆಲ್ಲಿನ ಮಾತೂ ಒಂದೆರಡು ಆಡಿಬಿಡೋಣ. ಡಿಜಿಟಲ್ ಕ್ಯಾಮೆರಾ ಹೊಸದಾಗಿ ಬಂದ ಕಾಲ ನೆನಪಿದೆಯಾ? ಚಾರ್ಜ್ ಮಾಡಿ ಬೀರುವಿನಲ್ಲಿ ಇಟ್ಟಿದ್ದ ಸೆಲ್ಲು, ನಾಮಕರಣದ ದಿನ ತೊಟ್ಟಿಲು ತೂಗೋ ಹೊತ್ತಿಗೆ ಸರಿಯಾಗಿ ಖಾಲಿ. ಆಗಿನ ನಿಕ್ಕಲ್ ಸೆಲ್ಲುಗಳು ಸುಮ್ಮನೆ ಇಟ್ಟರೂ ತಾವೇ ಸೋರಿಹೋಗುತ್ತಿದ್ದವು. 2005ರಲ್ಲಿ ಜಪಾನಿನ ಸ್ಯಾನ್ಯೊದವರು ಎನೆಲೂಪ್ ಅಂತ ಬಿಳೀ ಸೆಲ್ಲು ತಂದ ಮೇಲೆ ಆ ಕಾಟ ತಪ್ಪಿತು. ಆಮೇಲೆ ಸ್ಯಾನ್ಯೊ ಪ್ಯಾನಸೋನಿಕ್‌ನ ಪಾಲಾಯಿತು, ಈಗ ಅದೇ ಸೆಲ್ಲಿನ ಮೇಲೆ ಪ್ಯಾನಸೋನಿಕ್ ಹೆಸರು. ತಿಂಗಳುಗಟ್ಟಲೆ ಇಟ್ಟು ತೆಗೆದರೂ ಕೆಲಸ ಮಾಡುತ್ತೆ. ಆ ಬಗೆಯವು ಈಗ ಬೇರೆ ಕಂಪನಿಗಳಲ್ಲೂ ಇವೆ, 'ಲೋ ಸೆಲ್ಫ್ ಡಿಸ್ಚಾರ್ಜ್' ಅಥವಾ 'ರೆಡಿ ಟು ಯೂಸ್' ಅಂತ ಇರುತ್ತೆ. 2000 ಎಂಎಎಚ್ ಆಸುಪಾಸಿನದು ಧಾರಾಳ ಸಾಕು. ಪೆನ್ಸಿಲ್ ಸೆಲ್ಲಿನ ಮೇಲೆ 4000, 5000 ಅಂತ ಬರೆದಿದ್ದರೆ ಬರೆದವನ ಕೈಗೆ ತಡೆ ಇರಲಿಲ್ಲ ಅಂತ ತಿಳೀರಿ. ನಿಕ್ಕಲ್ಲಿನಲ್ಲಿ ಆ ಗಾತ್ರಕ್ಕೆ 2500, 2700 ದಾಟೋದೇ ಕಷ್ಟ.

ಭಯ ಪಡಬೇಕಾದ್ದು ಲಿಥಿಯಂ ಕಡೆ. ಜೋರು ಬೆಳಕಿನ ಟಾರ್ಚುಗಳಲ್ಲಿ ಬರುತ್ತಲ್ಲ, 18650 ಅಂತ, ಹದಿನೆಂಟು ಮಿಲಿಮೀಟರು ದಪ್ಪ, ಅರವತ್ತೈದು ಉದ್ದ. ಅದು 3.7 ವೋಲ್ಟಿನದು, ತುಂಬಿದಾಗ 4.2. ಅದರ ಮೇಲೆ ಹೋದರೆ ಬೆಂಕಿಯ ಜೊತೆ ಸರಸ. ಇದರದ್ದೇ ತಮ್ಮ ಒಬ್ಬ ಇದ್ದಾನೆ, 14500 ಅಂತ, ನೋಡೋಕೆ ಥೇಟು ಪೆನ್ಸಿಲ್ ಸೆಲ್ಲು. ಅದನ್ನು ಅಪ್ಪಿತಪ್ಪಿ ನಿಕ್ಕಲ್ ಚಾರ್ಜರಿಗೆ ಹಾಕಿದರೂ ಅನಾಹುತ, ಮಗುವಿನ ಆಟಿಕೆಗೆ ಹಾಕಿದರೂ ಅನಾಹುತ. ಈಚೆಗೆ ಸೆಲ್ಲಿನ ಹೊಟ್ಟೆಗೇ ಯುಎಸ್‌ಬಿ ತೂತು ಇರೋ 1.5 ವೋಲ್ಟಿನ ಲಿಥಿಯಂ ಪೆನ್ಸಿಲ್ ಸೆಲ್ಲೂ ಬಂದಿದೆ. ಅದಕ್ಕೆ ಅದರದ್ದೇ ವೈರು, ಬೇರೆ ಚಾರ್ಜರು ಮುಟ್ಟಿಸಬಾರದು. ಹಾಗಾಗಿ ಸೆಲ್ಲಿನ ಮೇಲಿನ ವೋಲ್ಟಿನ ಅಂಕಿ ಓದದೆ ಏನನ್ನೂ ಎಲ್ಲಿಗೂ ತುರುಕಬೇಡಿ. ಕನ್ನಡಕ ಹಾಕ್ಕೊಂಡೇ ಓದಿ, ಇರುವೆ ಸಾಲಿನಷ್ಟು ಸಣ್ಣಗಿರುತ್ತೆ. 'ಯಾವ ಸೆಲ್ ಹಾಕಿದ್ರೂ ನಡಿಯುತ್ತೆ ಸಾರ್' ಅನ್ನೋ ಅಂಗಡಿಯವನನ್ನು ನಂಬೋ ಹಾಗಿಲ್ಲ. ಮಾಮೂಲಿ ಆಲ್ಕಲೈನ್ ಸೆಲ್ಲು ಚಾರ್ಜರಿಗೆ ಹಾಕಿದರೆ ಸೋರುತ್ತೆ, ಕೆಲವೊಮ್ಮೆ ಸಿಡಿದೂ ಸಿಡಿಯುತ್ತೆ.

18650ರಲ್ಲಿ 9800 ಎಂಎಎಚ್ ಅಂತ ಬರೆದ ಸೆಲ್ಲು ಕೂಡ ಸಿಗುತ್ತೆ. ಹೆಸರಾಂತ ಕಂಪನಿಗಳ ಒಳ್ಳೇ ಸೆಲ್ಲೇ 3500ರ ಆಸುಪಾಸು, ಇದು ಯಾವ ಲೋಕದ್ದೋ. ಕೈಯಲ್ಲಿ ಹಿಡಿದು ತೂಗಿ ನೋಡಿದರೆ ಹಗುರ. ಅಂಥದ್ದನ್ನು ಬಿಚ್ಚಿದವರಿಗೆ ಒಳಗೆ ಪುಟ್ಟ ಸೆಲ್ಲು, ಜಾಗ ತುಂಬೋಕೆ ಬಿಳಿ ಪುಡಿ ಸಿಕ್ಕಿದ್ದುಂಟು. ನೀವು ಮಾತ್ರ ಬಿಚ್ಚೋಕೆ ಹೋಗಬೇಡಿ ಮಾರಾಯರೆ.

ಪ್ಲಗ್ಗಿನ ಕಡೆಯೂ ಸ್ವಲ್ಪ ಕಣ್ಣಿಡಿ. ಗೋಡೆಯ ಸಾಕೆಟ್ಟಿಗೆ ನೇರ ಚುಚ್ಚೋ ತೀರಾ ಅಗ್ಗದ ಚಾರ್ಜರುಗಳಲ್ಲಿ ಕೆಲವಕ್ಕೆ ಒಳಗೆ ಟ್ರಾನ್ಸ್‌ಫಾರ್ಮರೇ ಇರೋದಿಲ್ಲ. 230 ವೋಲ್ಟಿಗೂ ಸೆಲ್ಲಿನ ತುದಿಗೂ ನಡುವೆ ಒಂದು ಕೆಪಾಸಿಟರು, ಅಷ್ಟೇ ಬೇಲಿ. ಚಾರ್ಜ್ ಆಗ್ತಿರೋವಾಗ ಸೆಲ್ಲು ತೆಗೆಯೋಕೆ ಬೆರಳು ಹಾಕಿದರೆ ಶಾಕ್ ಹೊಡೆಯುತ್ತೆ. ಮನೆಯಲ್ಲಿ ಮಕ್ಕಳಿರುವಾಗ ಇದು ಬೇಡವೇ ಬೇಡ. ಯುಎಸ್‌ಬಿ ವೈರಿನಲ್ಲಿ ನಡೆಯೋ ಚಾರ್ಜರು ತಂದು ಒಳ್ಳೇ ಫೋನಿನ ಅಡಾಪ್ಟರಿಗೆ ಸಿಕ್ಕಿಸೋದು ನೆಮ್ಮದಿ. ಅಡಾಪ್ಟರಿನ ಮೇಲೆ ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಗುರುತು, ಅದರ ಕೆಳಗೆ 'ಆರ್' ಅಕ್ಷರದಿಂದ ಶುರುವಾಗೋ ನಂಬರು ಇರುತ್ತೆ. ರೀಚಾರ್ಜಬಲ್ ಸೆಲ್ಲಿಗೂ ಅದೇ ಕ್ರಮ, ಅಲ್ಲಿ ಐಎಸ್ 16046 ಅಂತ ನಮೂದು. ಬಿಐಎಸ್ ಕೇರ್ ಅಂತ ಆ್ಯಪ್ ಇದೆ, ಆ ನಂಬರು ಒತ್ತಿದರೆ ಅದು ಯಾರ ಹೆಸರಲ್ಲಿದೆ ಅಂತ ತೋರಿಸುತ್ತೆ. ಅಂಗಡಿಯಲ್ಲೇ ನಿಂತು ಒತ್ತಿ ನೋಡಿ, ಅಂಗಡಿಯವನ ಮುಖ ನೋಡೋಕೂ ಚೆನ್ನಾಗಿರುತ್ತೆ. ಬರೀ 'ಸಿಇ' ಅಂತ ಇದ್ದರೆ ಅದನ್ನು ನೆಚ್ಚಿಕೊಳ್ಳಬೇಡಿ. ಇಂಥ ಸಾಮಾನುಗಳ ಮೇಲೆ ಹೆಚ್ಚಿನಂಶ ಅದನ್ನು ತಯಾರಕರು ತಾವೇ ಘೋಷಿಸಿಕೊಂಡು ಹಾಕಿಕೊಳ್ಳೋದು.

ಚಾರ್ಜರಿನ ಆ ದೀಪಗಳ ಬಣ್ಣಕ್ಕೆ ಒಂದು ಕಾನೂನು ತರಬಾರದಾ ಅಂತ ನನಗೆ ಯಾವಾಗಲೂ ಅನ್ನಿಸುತ್ತೆ. ಒಂದರಲ್ಲಿ ಹಸಿರು ಹತ್ತಿದರೆ ಚಾರ್ಜ್ ಆಗ್ತಿದೆ, ಆರಿದರೆ ಮುಗೀತು. ಇನ್ನೊಂದರಲ್ಲಿ ಕೆಂಪು ಅಂದ್ರೆ ಆಗ್ತಿದೆ, ಹಸಿರು ಅಂದ್ರೆ ಮುಗೀತು. ಎರಡೂ ಇರೋ ಮನೆಯಲ್ಲಿ ಹಸಿರು ಕಂಡರೆ ಏನು ಮಾಡಬೇಕು? ಬೇಗ ಬೇಗ ಮಿಣಮಿಣ ಅಂದರೆ ಮಾತ್ರ ಬಹಳಷ್ಟು ಕಡೆ ಒಂದೇ ಅರ್ಥ: ಈ ಸೆಲ್ಲು ನನ್ನ ಕೈಲಾಗಲ್ಲ, ತೆಗಿ. ಪೂರ್ತಿ ಸೊನ್ನೆಗೆ ಇಳಿದ ಸೆಲ್ಲನ್ನು ಒಳ್ಳೇ ಚಾರ್ಜರು ಒಪ್ಪೋದಿಲ್ಲ. ಆಗ ಹಳೇ ದಡ್ಡ ಚಾರ್ಜರಿನಲ್ಲಿ ಐದು ನಿಮಿಷ ಇಟ್ಟು ಜೀವ ಬರಿಸಿ ಮತ್ತೆ ಇದಕ್ಕೆ ಹಾಕೋದು ರಾಯರ ಚಾಣಾಕ್ಷತನ. ನಿಕ್ಕಲ್ಲಿಗೆ ಆ ಆಟ ನಡೆಯುತ್ತೆ. ಲಿಥಿಯಮ್ಮಿಗೆ ಯಾವ ಕಾರಣಕ್ಕೂ ಬೇಡ, ಅದು ಸತ್ತರೆ ಸತ್ತಹಾಗೇ ಬಿಡಬೇಕು. ಬಿಡೋದು ಅಂದ್ರೆ ಕಸದ ಬುಟ್ಟಿಗಲ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಹಳೇದನ್ನು ವಾಪಸ್ ಪಡೆಯೋ ಏರ್ಪಾಡು ತಯಾರಕರದ್ದೇ ಹೊಣೆ. ಎರಡು ತುದಿಗೂ ಟೇಪು ಸುತ್ತಿಟ್ಟು ಇ-ತ್ಯಾಜ್ಯ ತಗೊಳ್ಳೋ ಕಡೆ ಕೊಡಿ.

ಇದನ್ನೆಲ್ಲ ಕೊಳ್ಳೋಕೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗೋ ಯೋಚನೆ ಇದ್ದರೆ ಭಾನುವಾರ ಬೇಡ, ಬಹುಪಾಲು ಅಂಗಡಿ ಬಾಗಿಲು ಹಾಕಿರುತ್ತೆ. ಗಾಡಿ ತಗೊಂಡು ಹೋಗಲೇಬೇಡಿ, ನಿಲ್ಲಿಸೋ ಜಾಗ ಹುಡುಕೋದರಲ್ಲೇ ಅರ್ಧ ದಿನ. ಬಿಲ್ಲು ಕೇಳಿ ಈಸಿಕೊಳ್ಳಿ, ಬಿಲ್ಲು ಬೇಡ ಅಂದರೆ ಇಷ್ಟಕ್ಕೆ ಕೊಡ್ತೀನಿ ಅನ್ನೋರ ಹತ್ತಿರ ಚಾರ್ಜರು ಮಾತ್ರ ಬೇಡ. ಹಾಂ, ಹೋಗೋ ದಿನ ಒಂದು ಕೂಗು ಹಾಕಿ, ನಮ್ಮಾಕೆಯ ಅಡುಗೆಮನೆ ತಕ್ಕಡಿಗೆ ಎರಡು ಸಣ್ಣ ಸೆಲ್ಲು ಬೇಕಾಗಿತ್ತು. ಮಾಮೂಲಿಯದೇ ಸಾಕು.